ಬಾಣದ ಕಲ್ಲು

ಗೋಡೆಯ ಮೇಲೆ ಬರೆಯಬೇಕಾಗಿದ್ದ ಬಾಣವನ್ನು ಕಲ್ಲಿನ ಮೇಲೆ ಬರೆದದ್ದೇ ಗುಮಾಸ್ತ ಮಾಡಿದ ತಪ್ಪು. ಅವನಾದರೂ ಏನು ಮಾಡಿಯಾನು? ಬೆಟ್ಟದ ಮೇಲಿನ ಆ ಪುಟ್ಟ ಊರಿನಲ್ಲಿ ತನ್ನ ಗೋಡೆಗೆ ಬಣ್ಣ ಬಳಿಯಲು ಬಿಡುವ ಒಂದು ನರಪಿಳ್ಳೆಯೂ ಸಿಗಲಿಲ್ಲ. ಕಲ್ಲಿಗೆ ಯಜಮಾನರಿಲ್ಲ ಎಂದುಕೊಂಡು ಕುಂಬಳಕಾಯಿ ಗಾತ್ರದ ಕಲ್ಲುಗಳನ್ನು ಆರಿಸಿ, ಒಂದೊಂದಕ್ಕೂ ಹಳದಿ ಬಾಣ ಬರೆದು, ತಿರುವು ತಿರುವಿಗೂ ಇಟ್ಟುಬಂದ. ಎತ್ತಲು ಬರುವ ಕಲ್ಲಿಗೆ ಊರೆಲ್ಲ ಯಜಮಾನರೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಆ ಊರಿನ ನಲ್ಲಿಗಳಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಆದರೂ ಪುರಸಭೆಗೆ ಓಟಗಾರರ ದಾರಿ ಬೇಕಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಪೇಟೆಯಿಂದ ಹೊರಟು ಕೆರೆಯ ದಂಡೆ, ಪೈನ್ ಮರಗಳ ತೋಪು, ಕಣಿವೆ ಕಾಣುವ ಗುಡ್ಡದ ನೆತ್ತಿ, ಅಲ್ಲಿಂದ ಇಳಿದು ಮತ್ತೆ ಪೇಟೆ. ಇಂಥ ಚೆಂದದ ದಾರಿ ಬೇರೆಲ್ಲೂ ಇಲ್ಲವೆಂದು ಸಭೆಯಲ್ಲಿ ಎಲ್ಲರೂ ಭಾಷಣ ಮಾಡಿದರು. ಕಲ್ಲು ಹೊತ್ತವನು ಗುಮಾಸ್ತ ಒಬ್ಬನೇ.

ಅವನಿಗೆ ಓಟವೂ ಬೇಕಿರಲಿಲ್ಲ, ನೋಟವೂ ಬೇಕಿರಲಿಲ್ಲ. ಬೇಕಾಗಿದ್ದದ್ದು ವರ್ಗಾವಣೆ. ಹೆಂಡತಿ ಕೆಳಗೆ ಬಯಲಿನ ಆಸ್ಪತ್ರೆಯಲ್ಲಿ ನರ್ಸ್, ಮಗಳು ಅವಳ ಜೊತೆಗೆ. ಅಪ್ಪನನ್ನು ಮನೆಯಲ್ಲಿ ಕಂಡದ್ದಕ್ಕಿಂತ ಫೋನಿನಲ್ಲಿ ಕೇಳಿದ್ದೇ ಹೆಚ್ಚಾಗಿ, ಆ ಮಗು ಅವನನ್ನು ‘ಫೋನಪ್ಪ’ ಎಂದು ಕರೆಯುತ್ತಿತ್ತು. ಮೊದಲ ಸಲ ಹಾಗೆ ಕರೆದಾಗ ಎಲ್ಲರೂ ನಕ್ಕರು. ಗುಮಾಸ್ತನೂ ನಕ್ಕ, ಆಮೇಲೆ ಬಚ್ಚಲಿಗೆ ಹೋಗಿ ಅತ್ತ.

ಕೆಳಗಿನ ಕಚೇರಿಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಅರ್ಜಿ ಹಾಕಿದವರು ಇಬ್ಬರು: ಗುಮಾಸ್ತ, ಮತ್ತು ಪಕ್ಕದ ಮೇಜಿನ ಟೈಪಿಸ್ಟ್. ಟೈಪಿಸ್ಟನಿಗೆ ಕೆಳಗೆ ಹೆಂಡತಿಯೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮೇಲೆ ಚಳಿ ಜಾಸ್ತಿ ಎಂಬುದಷ್ಟೇ ಅವನ ಕಾರಣ. ವರ್ಗಾವಣೆಗೆ ಸಹಿ ಹಾಕಬೇಕಾದ ಪೌರಾಡಳಿತ ನಿರ್ದೇಶಕಿಗೆ ಓಟದ ಹುಚ್ಚು. ಅವರೇ ಈ ದಿನ ಹೊಸ ದಾರಿಯಲ್ಲಿ ಓಡಿ ನೋಡಲು ಬರುವವರಿದ್ದರು. ದಾರಿ ಮೆಚ್ಚಿದರೆ ಸಹಿ ತನಗೇ ಎಂದು ಗುಮಾಸ್ತ ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದ.

ಬೆಳಗ್ಗೆ ಒಮ್ಮೆ ಎಲ್ಲವನ್ನೂ ನೋಡಿಬರೋಣವೆಂದು ಹೊರಟವನು ಬೇಕರಿಯ ಮುಂದೆಯೇ ನಿಂತುಬಿಟ್ಟ.

“ಏನಮ್ಮಾ ಇದು? ಬಾಣ ಕೆರೆ ಕಡೆ ಇರ್ಬೇಕಿತ್ತು. ನಿಮ್ಮ ಬಾಗಿಲಿಗೆ ತಿರುಗಿದೆ!”

“ಓಡೋರಿಗೆ ಹಸಿವಾಗಲ್ವೇನಪ್ಪಾ?” ಎಂದಳು ಬೇಕರಿಯಮ್ಮ. “ಕೆರೆ ಎಲ್ಲೂ ಹೋಗಲ್ಲ. ಬನ್ನು ಆರಿಹೋಗುತ್ತೆ.”

ಕಲ್ಲನ್ನು ಸರಿ ಮಾಡಿ ಮುಂದೆ ಹೋದ. ಗುಡ್ಡದಿಂದ ಇಳಿಯುವ ತಿರುವಿನಲ್ಲಿ ನಿವೃತ್ತ ಹೆಡ್ಮೇಷ್ಟರ ಮನೆ. ಅಲ್ಲಿನ ಬಾಣ ಪೇಟೆಗೆ ಬೆನ್ನು ಹಾಕಿ ವಾಪಸ್ಸು ತೋಪಿನ ಕಡೆ ತಿರುಗಿ ಕೂತಿತ್ತು. ಮೇಷ್ಟ್ರು ಗೇಟಿಗೆ ಒರಗಿ ನಿಂತಿದ್ದರು.

“ಜನ ಚಡ್ಡಿ ಹಾಕ್ಕೊಂಡು ನನ್ನ ಗೇಟಿನ ಮುಂದೆ ಓಡೋದು ಬೇಡ. ಜೀವನ ಪೂರ್ತಿ ಶಿಸ್ತು ಕಲಿಸಿದವನು ನಾನು.”

“ಮೇಷ್ಟ್ರೇ, ಹೀಗಿದ್ರೆ ಅವ್ರು ಇಳಿಯೋದೇ ಇಲ್ಲ. ಮತ್ತೆ ತೋಪಿಗೇ ಹೋಗ್ತಾರೆ!”

“ಹೋಗ್ಲಿ ಬಿಡು. ಮರಗಳಿಗೇನು ನಾಚಿಕೆಯೇ?”

ಗುಮಾಸ್ತ ಕೈ ಮುಗಿದ, ಮಗಳ ವಿಷಯ ಹೇಳಿದ, ಕಲ್ಲು ತಿರುಗಿಸಿದ. ಮೇಷ್ಟ್ರು ‘ಪಾಪ, ಪಾಪ’ ಎಂದರು. ಅವನು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನ ಹಿಂದೆ ಕಲ್ಲು ನೆಲಕ್ಕೆ ಉಜ್ಜಿದ ಸದ್ದು ಕೇಳಿತು. ಜಗಳಕ್ಕೆ ಹೊತ್ತಿರಲಿಲ್ಲ. ಕಚೇರಿಯ ಮುಂದೆ ಆಗಲೇ ಜೀಪು ಬಂದು ನಿಂತಿತ್ತು.

ನಿರ್ದೇಶಕಿ ನೀಲಿ ಟೋಪಿ ಹಾಕಿ, ಬೂಟಿನ ದಾರ ಬಿಗಿಯುತ್ತಿದ್ದರು. “ಜೊತೆಗೆ ಯಾರೂ ಬೇಡ. ಮಾತಾಡ್ತಾ ಓಡೋದು ನಂಗಾಗಲ್ಲ. ಬಾಣ ಇದೆ ತಾನೇ?”

“ಇದೆ ಮೇಡಂ,” ಎಂದ ಟೈಪಿಸ್ಟ್ ಕಿಟಕಿಯಿಂದ. “ಎಲ್ಲಾ ಇವರದೇ. ನಾನು ಆ ದಿಕ್ಕಿಗೆ ತಲೆ ಹಾಕಿಯೂ ಮಲಗಿಲ್ಲ.”

ನೀಲಿ ಟೋಪಿ ಮರೆಯಾದದ್ದೇ ತಡ, ಗುಮಾಸ್ತ ಒಳದಾರಿ ಹಿಡಿದು ಓಡಿದ. ಅವರಿಗಿಂತ ಮುಂಚೆ ಒಂದೊಂದು ತಿರುವಿಗೂ ಹೋಗಿ ಬಾಣ ಸರಿ ಮಾಡಬೇಕು. ಹಳ್ಳ ದಾಟುವಾಗ ಒಂದು ಚಪ್ಪಲಿ ನೀರಿನ ಪಾಲಾಯಿತು. ಮೇಷ್ಟರ ಕಲ್ಲು ಸರಿಪಡಿಸುವಷ್ಟರಲ್ಲಿ ಬೇಕರಿಯ ಕಲ್ಲು ತಿರುಗಿರುತ್ತಿತ್ತು. ಬೇಕರಿಗೆ ಓಡಿ ಬಂದರೆ ಮೇಷ್ಟರ ಕಲ್ಲು ತಿರುಗಿರುತ್ತಿತ್ತು. ಕೊನೆಗೆ ಏದುಸಿರು ಬಿಡುತ್ತ ಗುಡ್ಡ ಹತ್ತಿ ನೋಡಿದಾಗ, ನೀಲಿ ಟೋಪಿ ಕೆರೆಯ ದಂಡೆಯಲ್ಲಿ ಓಡುತ್ತಿತ್ತು. ಕೂತು ಸುಧಾರಿಸಿಕೊಂಡು ಮತ್ತೆ ನೋಡಿದ. ಅದೇ ಟೋಪಿ, ಅದೇ ಕೆರೆ. ಅವನ ಓಟವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂದು, ಟೋಪಿಯೂ ಇಲ್ಲ, ಕೆರೆಯೂ ಇಲ್ಲ ಎಂಬಂತಾಯಿತು.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಕಚೇರಿಯ ಮೆಟ್ಟಿಲ ಮೇಲೆ ಸೇರಿತ್ತು. ಹುಡುಕಲು ಹೋದವರು ಮಂಜಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ವಾಪಸ್ಸು ಬಂದಿದ್ದರು.

“ಎರಡು ಸಲ ನಮ್ಮಲ್ಲಿಗೆ ಬಂದು ಬನ್ನು ತಿಂದ್ರು. ಆಮೇಲೆ ಪತ್ತೆ ಇಲ್ಲ,” ಎಂದಳು ಬೇಕರಿಯಮ್ಮ.

“ದಾರಿ ಹೇಳ್ಬಾರ್ದಿತ್ತೇನಮ್ಮಾ?” ಎಂದು ಗುಂಪಿನಲ್ಲಿ ಯಾರೋ ಕೇಳಿದರು.

“ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳಿದ್ದು ಇನ್ನೊಂದು ಬನ್ನು.”

“ಬಾಣ ಬರೆದವನು ಇವನು. ಏನಾದ್ರೂ ಆದ್ರೆ ಇವನೇ ಹೊಣೆ,” ಎಂದರು ಮೇಷ್ಟ್ರು. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಿತ್ತು ಆ ಮಾತು. ಅವರ ಬೆರಳಿನ ತುದಿಯಲ್ಲಿ ಇನ್ನೂ ಹಳದಿ ಬಣ್ಣವಿತ್ತು. ಟೈಪಿಸ್ಟ್ ಟೀ ಹೀರುತ್ತ ಆ ದಿಕ್ಕಿಗೆ ತಲೆ ಹಾಕಿ ಮಲಗಿಲ್ಲವೆಂಬ ಮಾತನ್ನು ಇನ್ನೊಮ್ಮೆ ಹೇಳಿದ. ಗುಮಾಸ್ತ ಒಂದೇ ಚಪ್ಪಲಿಯಲ್ಲಿ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಹಿಂದೆ ಊರಿನ ಉದ್ಯಾನ ಮಾಡಿದ್ದೂ ಅವನೇ, ಹಾರ ಹಾಕಿಸಿಕೊಂಡದ್ದು ಬೇರೆಯವರು. ಸೇತುವೆಗೆ ಓಡಾಡಿದ್ದು ಅವನು, ಫಲಕದಲ್ಲಿ ಬೇರೆಯವರ ಹೆಸರು. ಬೈಗುಳ ಮಾತ್ರ ಒಂದು ಸಲವೂ ವಿಳಾಸ ತಪ್ಪಿರಲಿಲ್ಲ.

ಸಂಜೆ ಮಂಜು ಕರಗಿತು. ಮೈಯೆಲ್ಲ ಕೆಸರಾಗಿ ನಿರ್ದೇಶಕಿ ಓಡುತ್ತಲೇ ಬಂದರು. ಗುಮಾಸ್ತ ಕಣ್ಣು ಮುಚ್ಚಿಕೊಂಡ.

“ಅದ್ಭುತ!” ಎಂದರು ಅವರು. “ಬೇರೆ ಊರಲ್ಲಿ ದಾರಿ ಮುಗಿದುಹೋಗುತ್ತೆ. ಇಲ್ಲಿ ಮುಗಿಯೋದೇ ಇಲ್ಲ! ಒಂದೇ ಕೆರೇನ ಮತ್ತೆ ಮತ್ತೆ ತೋರಿಸಿದ್ದೀರಿ, ಬೆಳಗ್ಗೆ ಒಂಥರಾ, ಮಂಜಲ್ಲಿ ಒಂಥರಾ, ಈಗ ಇನ್ನೊಂಥರಾ. ಇಷ್ಟು ದೂರ ನಾನು ಜನ್ಮದಲ್ಲಿ ಓಡಿಲ್ಲ. ಯಾರ ತಲೆ ಇದು?”

ಮೇಷ್ಟ್ರು ಒಂದು ಮೆಟ್ಟಿಲು ಇಳಿದು ಮುಂದೆ ಬಂದರು. “ಆ ತೋಪಿನ ತಿರುವು ನನ್ನ ಯೋಚನೆ ಮೇಡಂ.”

“ಮೊದಲನೇ ಕಲ್ಲು ತಿರುಗಿಸಿದ್ದು ನಾನು!” ಎಂದು ಬೇಕರಿಯಮ್ಮ ಮುಂದೆ ನುಗ್ಗಿದಳು.

ಗುಮಾಸ್ತನ ನೆತ್ತಿಗೆ ರಕ್ತ ಏರಿತು. ಉದ್ಯಾನ ಹೋಯಿತು, ಸೇತುವೆ ಹೋಯಿತು, ಈಗ ಇದೂ!

“ಸುಳ್ಳು!” ಎಂದು ಅವನು ಕೂಗಿದ ಕೂಗಿಗೆ ಟೈಪಿಸ್ಟನ ಟೀ ತುಳುಕಿತು. “ಮೇಡಂ, ಒಂದೊಂದು ತಿರುವೂ ನಂದೇ. ಇವರ್ಯಾರೂ ಒಂದು ಕಲ್ಲೂ ಮುಟ್ಟಿಲ್ಲ. ಎಲ್ಲಾ ನಾನೇ, ನಾನೊಬ್ಬನೇ!”

“ಶಹಬ್ಬಾಸ್,” ಎಂದು ನಿರ್ದೇಶಕಿ ಅವನ ಕೈ ಕುಲುಕಿದರು. “ನನ್ನ ಮುಂದೆ ಎರಡು ಅರ್ಜಿ ಇದ್ವು. ಯಾರನ್ನ ಕಳಿಸೋದು ಅಂತ ಯೋಚನೆ ಮಾಡ್ತಿದ್ದೆ. ಈಗ ಸುಲಭ ಆಯ್ತು. ಇಂಥವರನ್ನ ಈ ಊರು ಬಿಟ್ಟುಕೊಡೋದುಂಟಾ? ಇನ್ಮೇಲೆ ನೀವೇ ಇಲ್ಲಿ ಓಟದ ದಾರಿಯ ಮುಖ್ಯಸ್ಥರು. ಬಂದ ತಂಡಗಳ ಜೊತೆ ದಿನಾ ಬೆಳಗ್ಗೆ ಓಡ್ಬೇಕು. ನೀವು ಬಿಟ್ರೆ ಈ ದಾರಿ ಇನ್ಯಾರಿಗೂ ತಿಳಿಯಲ್ಲ.” ಟೈಪಿಸ್ಟನ ಕಡೆ ತಿರುಗಿದರು. “ನಿಮಗೆ ಇಲ್ಲೇನೂ ಕೆಲಸ ಇದ್ದ ಹಾಗಿಲ್ಲ. ಕೆಳಗೆ ನೀವು ಹೋಗಿ.”

ಗುಮಾಸ್ತ ಅವರ ದಾರಿಗೆ ಅಡ್ಡ ಬಂದ. “ಮೇಡಂ, ನಾನು ಸುಳ್ಳು ಹೇಳ್ದೆ. ಕಲ್ಲು ತಿರುಗಿಸಿದ್ದು ಇವರೇ! ಕೇಳಿ ಬೇಕಾದ್ರೆ!”

ದಿನಾ ಬೆಳಗ್ಗೆ ಓಡಬೇಕೆಂಬ ಮಾತು ಮೇಷ್ಟರ ಕಿವಿಗೆ ಆಗಲೇ ಬಿದ್ದಿತ್ತು. “ಛೆ ಛೆ, ವಿನಯ ನೋಡಿ ಮೇಡಂ! ನಾವೊಂದು ಕಲ್ಲೂ ಮುಟ್ಟಿಲ್ಲ. ಅವರೇ ಹೇಳಿದ್ರಲ್ಲ.”

“ಚಿನ್ನದಂಥ ಮನುಷ್ಯ,” ಎಂದಳು ಬೇಕರಿಯಮ್ಮ.

ನಿರ್ದೇಶಕಿ ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಜೀಪಿನಲ್ಲಿ ಒಂದು ಸೀಟು ಖಾಲಿ ಇತ್ತು. ಟೈಪಿಸ್ಟ್ ಕೂತು, “ಚಳಿ ಜೋಪಾನ ಕಣ್ರೀ,” ಎಂದು ಕೈ ಬೀಸಿದ. ಮಾಡಿದ್ದುಣ್ಣೋ ಮಹರಾಯ ಎಂಬಂತೆ ಜನ ಮನೆಗೆ ನಡೆದರು. ಕತ್ತಲಾಗುವ ಮುಂಚೆ ಮೇಷ್ಟ್ರು ತಿರುಗಿ ಬಂದು, ನಾಳೆ ಓಡುವಾಗ ತಮ್ಮ ಗೇಟಿನ ಮುಂದೆ ಬರಬೇಡವೆಂದು ನೆನಪಿಸಿ ಹೋದರು.

ಗುಮಾಸ್ತನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ಫೋನಪ್ಪಾ, ಆ ಮೇಡಂ ಸಹಿ ಹಾಕಿದ್ರಾ?”

“ಹಾಕಿದ್ರು ಪುಟ್ಟಿ.”

ಮುಂದಿನದನ್ನು ಹೇಳಲು ಅವನು ಉಸಿರು ಎಳೆದುಕೊಂಡ. ಮಗು ಕಾಯಲಿಲ್ಲ. ಫೋನನ್ನು ಎಲ್ಲೋ ಎಸೆದು ಒಳಗೆ ಓಡಿದ ಸದ್ದಾಯಿತು, ಆಮೇಲೆ ದೂರದಿಂದ ಅದರ ಕೂಗು: “ಅಮ್ಮಾ! ಅಮ್ಮಾ! ಅಪ್ಪ ಬರ್ತಿದ್ದಾನೆ!”

ಅವಳು ಅವನನ್ನು ಬರೀ ಅಪ್ಪ ಎಂದದ್ದು ಅದೇ ಮೊದಲು.