ನನ್ನ ಹಿಮ್ಮಡಿಯನ್ನು ಬೇಡವೆಂದ ಮಲೇಷ್ಯಾದ ಮೀನುಗಳಿಗೆ

ಕ್ವಾಲಾಲಂಪುರದ ಮಾಲೊಂದರ ಮೂರನೆಯ ಮಹಡಿಯ ಗಾಜಿನ ತೊಟ್ಟಿಯಲ್ಲಿ ವಾಸವಾಗಿದ್ದು, ಬಂದವರ ಕಾಲು ಕಚ್ಚಿ ನಯಗೊಳಿಸುವ ಸೇವೆಯಲ್ಲಿ ನಿರತವಾಗಿರುವ ಸಣ್ಣ ಮೀನುಗಳ ಸಮಸ್ತ ಬಳಗಕ್ಕೆ, ಬಾಗಲಕೋಟೆ ನವನಗರದ ನಿವೃತ್ತ ಪಂಚಾಯಿತಿ ಗುಮಾಸ್ತ ಬಂಡೆಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ದಿನವಿಡೀ ದೇಶದೇಶಗಳ ಹಿಮ್ಮಡಿ ತಿನ್ನುವವರಿಗೆ ಹೊಟ್ಟೆಯ ಚಿಂತೆ ಇರಲಾರದು.

ನಾನು ಮೂವತ್ತು ವರ್ಷಗಳಿಂದ ಗಾಳ ಹಾಕುವವನು. ಪ್ರತಿ ವರ್ಷ ಆಲಮಟ್ಟಿಯ ಹಿನ್ನೀರು ಇಳಿದು ನಡುಗಡ್ಡೆ ತಲೆ ಎತ್ತಿದ ಕೂಡಲೇ ನಾವು ಎಂಟು ಜನ ಗೆಳೆಯರು ದೋಣಿ ಹತ್ತಿ, ಮನುಷ್ಯರಿಲ್ಲದ, ಫೋನು ಹತ್ತದ ಆ ಮುಳ್ಳುಕಂಟಿಗಳ ನಡುವೆ ಡೇರೆ ಹಾಕಿ ಹದಿನೈದು ದಿನ ಮೀನು ಹಿಡಿಯುತ್ತೇವೆ. ಮೊದಲ ಗಾಳ ಯಾರು ಎಸೆಯಬೇಕೆಂಬುದಕ್ಕೆ ನಮ್ಮಲ್ಲೊಂದು ಪದ್ಧತಿಯಿದೆ: ಕಳೆದ ಸಲದಿಂದ ಈಚೆಗೆ ಯಾರ ಹತ್ತಿರ ಅತಿ ಹೆಚ್ಚು ಮೀನು ಬಂದಿವೆಯೋ ಅವರೇ ಎಸೆಯಬೇಕು. ಹದಿನೆಂಟು ವರ್ಷ ಆ ಮರ್ಯಾದೆ ನನ್ನದಾಗಿತ್ತು. ಸಂಬಳ, ಬಡ್ತಿ, ಸನ್ಮಾನ ಯಾವುದೂ ಕೊಡದ ಸಂತೋಷವನ್ನು ಅದು ನನಗೆ ಕೊಡುತ್ತಿತ್ತು.

ಈ ವರ್ಷ ಸೀಸನ್ನಿಗೆ ಎರಡು ವಾರ ಮುಂಚೆ, ಇಳಕಲ್ಲಿನ ಸೀರೆ ಅಂಗಡಿಯೊಂದರ ಲಕ್ಕಿ ಡ್ರಾದಲ್ಲಿ ನನ್ನ ಹೆಂಡತಿ ದುರಗವ್ವನಿಗೆ ಇಬ್ಬರ ಮಲೇಷ್ಯಾ ಪ್ರವಾಸ ಬಂತು. "ಐದ ದಿನ ಗಾಳ ಮುಟ್ಟಂಗಿಲ್ಲ, ನೋಡ್ರಿ" ಎಂಬ ಆಕೆಯ ಕರಾರಿಗೆ ನಾನು ಒಪ್ಪಿದೆ. ಗಾಳ ಮುಟ್ಟಲಿಲ್ಲ. ಆದರೆ ಜೋಳದ ಹಿಟ್ಟು, ಬೆಳ್ಳುಳ್ಳಿ, ಇಂಗು ಸೇರಿಸಿ ನಾನೇ ನಾದುವ ಎರೆಯ ಉಂಡೆಯೊಂದು ಪ್ಯಾಂಟಿನ ಕಿಸೆಯಲ್ಲಿತ್ತು. ಅದಿಲ್ಲದೆ ನನಗೆ ಕೈ ಬರಿದೆನಿಸುತ್ತದೆ.

ನಡೆದು ನಡೆದು ಕಾಲು ನೊಂದ ದುರಗವ್ವ ತಮ್ಮ ತೊಟ್ಟಿಯ ದಂಡೆಯಲ್ಲಿ ಕುಳಿತು ಪಾದ ಇಳಿಬಿಟ್ಟದ್ದೇ ತಡ, ತಾವು ನೂರಾರು ಮಂದಿ ಓಡಿಬಂದು ಮುತ್ತಿಕೊಂಡಿರಿ. ಒಂದು ಮೀನು ಕಚ್ಚಲೆಂದು ಮೂರು ಹಗಲು ಕಾದವನು ನಾನು, ಮಾನ್ಯರೇ! ನನಗೆ ಸಂಕಟವಾಯಿತು. ಅಲ್ಲಿನ ಹುಡುಗಿ ತೊಳೆದುಕೊಟ್ಟ ನನ್ನ ಹಿಮ್ಮಡಿಗೆ ಯಾರಿಗೂ ಕಾಣದಂತೆ ಆ ಉಂಡೆಯನ್ನು ತಿಕ್ಕಿ ನೀರಿಗಿಳಿಸಿದೆ. ಆಲಮಟ್ಟಿಯ ಕಾಟ್ಲಾ ಮೀನು ಜೀವ ಬಿಡುವ ಆ ವಾಸನೆಗೆ ತಾವು ತೊಟ್ಟಿಯ ಆಚೆ ಮೂಲೆ ಸೇರಿಬಿಟ್ಟಿರಿ.

"ನಿಮ್ಮ ಕಾಲಾಗ ಏನೈತ್ರಿ? ಮೀನಾ ಓಡಿ ಹೊಂಟಾವಲ್ಲ!" ಎಂದು ನಗುತ್ತಾ ದುರಗವ್ವ ತೆಗೆದ ಫೋಟೊದಲ್ಲಿ ಆಕೆಯ ಕಾಲು ಮೀನುಗಳ ನಡುವೆ ಕಾಣುವುದೇ ಇಲ್ಲ, ನನ್ನ ಕಾಲು ಉಗುರು ಸಮೇತ ಸ್ಪಷ್ಟವಾಗಿದೆ. ತಮ್ಮ ಅಭಿರುಚಿ ದೊಡ್ಡದು, ನನ್ನ ದೂರು ಅದರ ಬಗ್ಗೆ ಅಲ್ಲ. ಆಕೆ ಆ ಫೋಟೊವನ್ನು ನಮ್ಮ ಗಾಳದ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ನಾವು ಊರಿಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. "ಪದ್ಧತಿ ಅಂದ್ರ ಪದ್ಧತಿ ಲೇ ಬಂಡೆಪ್ಪ. ಈ ಸಲದ ಮೊದಲನೇ ಗಾಳ ನಮ್ಮ ಅಕ್ಕಾರದು" ಎಂದ ನಬಿಸಾಬ, ನನ್ನ ಮೂವತ್ತು ವರ್ಷದ ಗೆಳೆಯ.

ಆದ್ದರಿಂದ ಮುಂದಿನ ಸಲವಾದರೂ ಆ ಮರ್ಯಾದೆ ನನಗೆ ಮರಳುವಂತೆ ತಾವು ದಯಮಾಡಿ, ತಪ್ಪು ಇಂಗಿನದೇ ಹೊರತು ಬಂಡೆಪ್ಪನದಲ್ಲ ಎಂದು ತಮ್ಮ ಬಳಗದ ಪ್ರತಿಯೊಬ್ಬರ ಸಹಿಯುಳ್ಳ ಪ್ರಮಾಣಪತ್ರವನ್ನು ಕಳಿಸಬೇಕು, ಸಾಧ್ಯವಾದರೆ ಖುದ್ದಾಗಿ ಬಂದು ಸಾಕ್ಷಿ ಹೇಳಬೇಕು. ಬಾಗಲಕೋಟೆ ಸ್ಟೇಷನ್ನಿನಲ್ಲಿ ಬ್ಯಾಂಡಿನ ಸಮೇತ ಎದುರುಗೊಳ್ಳುತ್ತೇನೆ, ಬಕೆಟ್ಟು ನನ್ನದೇ.

ಇನ್ನೊಂದು ಮಾತು ಮುಚ್ಚಿಡಲಾರೆ. ನಮ್ಮ ಮದುವೆಯಾದ ಮೇಲೆ ಮೊದಲ ಸಲ ದುರಗವ್ವ ನಡುಗಡ್ಡೆಗೆ ಬಂದಳು. ಸೆರಗು ಸಿಕ್ಕಿಸಿ, ನಾನು ಹೇಳಿದ್ದೊಂದನ್ನೂ ಕೇಳದೆ ಗಾಳ ಎಸೆದಳು. ಹತ್ತೇ ನಿಮಿಷದಲ್ಲಿ ಆರು ಕಿಲೋ ಕಾಟ್ಲಾ ಬಿತ್ತು. ಬಲೆ ಹಿಡಿದು ಅದನ್ನು ಮೇಲೆತ್ತಿದವನು ನಾನೇ. ನಾಚಿಕೆಯಾಯಿತು, ಹೊಟ್ಟೆ ಉರಿಯಿತು. ಆಕೆಯ ಮುಖ ನೋಡಿ ಖರೆ ಹೇಳಬೇಕೆಂದರೆ ಖುಷಿಯೂ ಆಯಿತು.

ಕಚ್ಚಿಸಿಕೊಳ್ಳುವ ಯೋಗ್ಯತೆಯೂ ಇಲ್ಲದೆ ಉಳಿದ,
ತಮ್ಮ ವಿಶ್ವಾಸಿ,
ಬಂಡೆಪ್ಪ

ತಾ.ಕ.: ಎರಡು ದಿನಕ್ಕೆಂದು ಬಂದ ದುರಗವ್ವ ಆರು ದಿನವಾದರೂ ದೋಣಿ ಹತ್ತುವ ಮಾತೆತ್ತುತ್ತಿಲ್ಲ. ಮನೆಯಲ್ಲಿ ಎಮ್ಮೆ ಹಿಂಡಲು ಯಾರಾದರೂ ಬೇಕಲ್ಲ ಎಂದು ಎಲ್ಲರೂ ಒಮ್ಮತದಿಂದ ನಾಳೆ ಬೆಳಿಗ್ಗೆ ನನ್ನನ್ನು ಊರಿಗೆ ಕಳಿಸುತ್ತಿದ್ದಾರೆ. ಈ ಪತ್ರವನ್ನು ಅಂಚೆಗೆ ಹಾಕಲು ಅನುಕೂಲವಾಯಿತು.