ಕೋದಂಡರಾಮಪ್ಪ ಕಟ್ಟಿದ ರೇಟು

ಕೋಲಾರದ ಟೊಮೆಟೊ ಮಂಡಿಯಲ್ಲಿ ತಾನೊಂದು ಸಲ ಕೆಮ್ಮಿದರೆ ಸಾಕು, ದಿಲ್ಲಿಯಲ್ಲಿ ಕೆ.ಜಿ.ಗೆ ಎರಡು ರೂಪಾಯಿ ಏರುತ್ತದೆ ಎಂದು ವಕ್ಕಲೇರಿಯ ಕೋದಂಡರಾಮಪ್ಪ ಹೇಳಿಕೊಳ್ಳುತ್ತಿದ್ದ. ಹೋದ ಚಳಿಗಾಲದಲ್ಲಿ ಅವನಿಗೆ ನೆಗಡಿಯಾದಾಗ ದುಬೈ ಸೇಟುಗಳೇ ಫೋನು ಮಾಡಿ, "ಸ್ವಾಮಿ, ಬೇಗ ಕಷಾಯ ಕುಡೀರಿ, ಇಲ್ಲಿ ಜನ ಸಾರಿಲ್ಲದೆ ಉಣ್ತಿದಾರೆ" ಎಂದು ಅಂಗಲಾಚಿದ್ದರಂತೆ.

ಇದನ್ನು ನಂಬುವ ಒಂದು ಕರುವೂ ಊರಲ್ಲಿರಲಿಲ್ಲ. ಆದರೆ ಅವನು ತರುವ ರೇಟನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಂಟೆ ಹೊಡೆದು ನಿವೃತ್ತನಾದ ಮೇಲೆ ಅವನು ದಿನಾ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗಿ, ಚೀಲದಲ್ಲಿ ತರಕಾರಿ ಹಿಡಿದು ಬರುತ್ತಿದ್ದ. ಮೊಬೈಲಿನಲ್ಲಿ ಬರುವ ರೇಟು ನಿನ್ನೆಯ ತಂಗಳು, ಕೋದಂಡರಾಮಪ್ಪನ ಬಾಯಲ್ಲಿ ಬರುವುದು ಬಿಸಿಬಿಸಿ ಎಂಬುದು ಊರಿನ ಲೆಕ್ಕ. ಬಸ್ಸಿಳಿದವನನ್ನು ಯಾರೂ ಕ್ಷೇಮ ಕೇಳುತ್ತಿರಲಿಲ್ಲ. "ಎಷ್ಟೋಯ್ತು?" ಎನ್ನುತ್ತಿದ್ದರು. ತೋಟದಲ್ಲಿ ಹಣ್ಣು ಕೀಳುವುದೋ ಬಿಡುವುದೋ ಅವನ ಉತ್ತರದ ಮೇಲೆ ತೀರ್ಮಾನವಾಗುತ್ತಿತ್ತು.

ಆ ಉತ್ತರದ ಒಳಗುಟ್ಟು ಅವನೊಬ್ಬನಿಗೇ ಗೊತ್ತು. ಪಿಂಚಣಿ ಬಂದ ದಿನವೇ ಅದು ಹೆಂಡತಿ ಭಾರತಮ್ಮನ ಸೆರಗಿನ ಗಂಟು ಸೇರುತ್ತಿತ್ತು. ಅವಳು ಎಣಿಸಿ ಕೊಟ್ಟ ದುಡ್ಡಿನಲ್ಲಿ ಅವನು ಮಂಡಿಯ ಹಿಂದಿನ ಗೇಟಿನ ಬಳಿ ಗುಡ್ಡೆ ಹಾಕಿಕೊಂಡು ಕೂರುವ ಅಜ್ಜಿಯಿಂದ ಕೆ.ಜಿ.ಗೆ ಇಪ್ಪತ್ತರಂತೆ ಎರಡು ಕೆ.ಜಿ. ಟೊಮೆಟೊ ಕೊಳ್ಳುತ್ತಿದ್ದ. ಮನೆಯಲ್ಲೂ ಊರಲ್ಲೂ ಮೂವತ್ತೈದು ಎನ್ನುತ್ತಿದ್ದ. ನಡುವಿನ ದುಡ್ಡು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೇಸರಿಬಾತಾಗಿ ಅವನ ಹೊಟ್ಟೆ ಸೇರುತ್ತಿತ್ತು. ಅವನ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, "ಈ ಪಾಕದಲ್ಲಿ ಸ್ವಲ್ಪ ರಕ್ತವೂ ಇದೆ" ಎಂದಿದ್ದರು. ಅಂದಿನಿಂದ ಭಾರತಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಬೀಗ ಹಾಕಿದ್ದಳು.

ಆ ಸೋಮವಾರ ಹೋಟೆಲಿನವನು ಪ್ಲೇಟಿನ ಮೇಲೆ ಹತ್ತು ರೂಪಾಯಿ ಏರಿಸಿದ. ಕೋದಂಡರಾಮಪ್ಪನೂ ವಿಧಿಯಿಲ್ಲದೆ, ಬಸ್ಸಿನಲ್ಲಿ ಕೂತಲ್ಲೇ ಟೊಮೆಟೊವನ್ನು ನಲವತ್ತೈದಕ್ಕೆ ಏರಿಸಿದ.

"ಎಷ್ಟೋಯ್ತು ಕೋದಂಡಣ್ಣ?" ಬಸ್ಸಿಳಿಯುವಷ್ಟರಲ್ಲಿ ಪಕ್ಕದ ಮನೆಯ ದೊಡ್ಡಗಂಗಮ್ಮ ಕೇಳಿದಳು. ಎರಡು ಹಸು, ಅರ್ಧ ಎಕರೆ ಟೊಮೆಟೊ ಇದ್ದವಳು.

"ನಲವತ್ತೈದು!"

"ಅಯ್ಯೋ ದೇವುಡಾ! ಒಂದೇ ದಿನಕ್ಕೆ ಹತ್ತು ರೂಪಾಯಾ? ಯಾಕಂತೆ?"

ಯಾಕೆ ಎಂದು ಕೇಳಿದರೆ ಕೋದಂಡರಾಮಪ್ಪನಿಗೆ ಹಬ್ಬ. "ಅದೆಲ್ಲ ಅಂತಾರಾಷ್ಟ್ರೀಯ ವಿಚಾರ ಕಣಮ್ಮ. ಸಮುದ್ರದಲ್ಲಿ ಒಂದು ಹಡಗು ಅಡ್ಡ ನಿಂತುಬಿಟ್ಟಿದೆ. ಎಷ್ಟುದ್ದ ಅಂತೀಯಾ? ಮುಂದಿನ ಚಕ್ರ ಮಾಲೂರಲ್ಲಿದ್ರೆ ಹಿಂದಿನ ಚಕ್ರ ಮುಳಬಾಗಿಲಲ್ಲಿ."

"ಹಡಗಿಗೆ ಚಕ್ರ ಇರುತ್ತಾ?" ಎಂದ ಹಿಟ್ಟಿನ ಗಿರಣಿಯ ಆಂಜಿನಪ್ಪ, ಬಾಗಿಲಿಗೆ ಬಂದು. "ಹಡಗೂ ಅಲ್ಲ, ಗಿಡಗೂ ಅಲ್ಲ. ಕರೆಂಟ್ ಬಿಲ್ಲು, ಡೀಸೆಲ್ಲು. ಅದರಿಂದಲೇ ಎಲ್ಲ ಏರೋದು."

"ಬೆಂಗಳೂರಿನವರು ತಿನ್ನೋದು ಜಾಸ್ತಿಯಾಗಿದೆ, ಅದಕ್ಕೇ," ಎಂದಳು ದೊಡ್ಡಗಂಗಮ್ಮ. "ಒಂದೊಂದು ಮದುವೇಲಿ ನಲವತ್ತು ಥರ ಪಲ್ಯವಂತೆ."

ಕಾರಣ ಯಾವುದೆಂದು ತೀರ್ಮಾನವಾಗಲಿಲ್ಲ. ಆದರೆ ಎಲ್ಲಕ್ಕೂ ಬೆಲೆ ಏರಿದೆ ಎಂಬುದು ಮಾತ್ರ ತೀರ್ಮಾನವಾಗಿಹೋಯಿತು. ದೊಡ್ಡಗಂಗಮ್ಮ ಅಲ್ಲೇ ಹಾಲಿನ ಮೇಲೆ ನಾಲ್ಕು ರೂಪಾಯಿ ಏರಿಸಿದಳು. ಹಾಲು ಏರಿತೆಂದು ಆಂಜಿನಪ್ಪ ರಾಗಿ ಬೀಸುವ ಕೂಲಿ ಏರಿಸಿದ. ಹನ್ನೊಂದು ಗಂಟೆಯೊಳಗೆ ಕ್ಷೌರ, ಇಸ್ತ್ರಿ, ಬಾಳೆಎಲೆ, ಅಷ್ಟೇಕೆ, ದೇವಸ್ಥಾನದ ಮುಂದಿನ ಕರ್ಪೂರ ಕೂಡ ಏರಿ ಕೂತವು. ಊರಲ್ಲಿ ಏರದೆ ಉಳಿದದ್ದು ಕೆರೆಯ ನೀರೊಂದೇ.

ಮನೆಯಲ್ಲಿ ಭಾರತಮ್ಮ ಟೊಮೆಟೊ ಒತ್ತಿ ನೋಡುತ್ತಿದ್ದಳು. "ಏನ್ರೀ ಇದು, ಇಷ್ಟು ಮೆತ್ತಗಿದೆ?"

"ಅಷ್ಟು ರೇಟು ಹೊತ್ತು ಬರಬೇಕಲ್ವೇನೇ, ಹಣ್ಣಿಗೂ ಬೆವರು ಬರುತ್ತೆ."

"ಬರಲಿ. ಹಾಲು ಏರಿತು, ಬೀಸೋ ಕೂಲಿ ಏರಿತು. ನಾಳೆಯಿಂದ ಹುಣಸೆಹುಳಿ ಸಾರು. ನೀವು ಕೋಲಾರಕ್ಕೆ ಹೋಗೋದೇ ಬೇಡ. ಬಸ್ ಚಾರ್ಜಾದರೂ ಉಳಿಯುತ್ತೆ."

ಕೋದಂಡರಾಮಪ್ಪನ ಕಣ್ಣ ಮುಂದೆ ದ್ರಾಕ್ಷಿ ಗೋಡಂಬಿ ಸಮೇತ ಒಂದು ಕೇಸರಿಬಾತು ರೆಕ್ಕೆ ಬಡಿದುಕೊಂಡು ಹಾರಿಹೋಯಿತು. ಏರಿಸಿದ್ದನ್ನು ಈಗಿಂದೀಗಲೇ ಇಳಿಸದೆ ಬೇರೆ ದಾರಿಯಿರಲಿಲ್ಲ. ಓಡಿ ಹೋಗಿ ಗಿರಣಿಯ ಮುಂದೆ ನಿಂತು, ನಾಲ್ಕು ಊರಿಗೆ ಕೇಳುವಂತೆ ಕೂಗಿದ:

"ಈಗ ಫೋನ್ ಬಂತು ಕಣ್ರೋ! ಹಡಗು ಸರಿದುಹೋಯ್ತಂತೆ! ನಾಳೆಯಿಂದ ಟೊಮೆಟೊ ಇಪ್ಪತ್ತು!"

ಕೂಗು ಕೇಳಿ ಎದುರು ತೋಟದಿಂದ ಮುನಿಶಾಮಿ ಹಾರಿ ಬಂದ. ಎರಡು ಎಕರೆ ಟೊಮೆಟೊ ಇಟ್ಟವನು, ಕೋದಂಡರಾಮಪ್ಪನನ್ನು ಮಾವ ಎಂದು ಕರೆಯುವವನು. "ನಾಳೆ ಬೀಳುತ್ತಾ? ಹಂಗಾದ್ರೆ ಇವತ್ತೇ ಕಿತ್ತು ಹಾಕಬೇಕು ಮಾವ!"

"ಅಯ್ಯೋ, ಬೇಡ ಕಣೋ! ಇನ್ನೂ ಬಣ್ಣ ಬಂದಿಲ್ಲ."

"ಬಣ್ಣ ನೋಡ್ತಾ ಕೂತ್ರೆ ನಾಳೆ ಇಪ್ಪತ್ತು ಅಂತ ನೀನೇ ಅಂದೆಯಲ್ಲ!"

ಹದಿನೈದು ಆಳು ಬಂದರು. ಅವರೂ ರೇಟು ಕೇಳಿಸಿಕೊಂಡಿದ್ದರಿಂದ ಕೂಲಿಗೆ ನೂರು ಹೆಚ್ಚು ಕೇಳಿದರು. ಮುನಿಶಾಮಿ ಮರುಮಾತಿಲ್ಲದೆ ಒಪ್ಪಿದ. ಎರಡು ಗಂಟೆಗೆ ಎಂಬತ್ತು ಬಾಕ್ಸು ಟೆಂಪೊ ಹತ್ತಿದವು. ಎಂಬತ್ತೊಂದನೆಯದಾಗಿ ಮುನಿಶಾಮಿ ಕೋದಂಡರಾಮಪ್ಪನನ್ನೂ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ.

"ನೀನೂ ಬಾ ಮಾವ. ನೀನು ಹೇಳಿದ ರೇಟಲ್ವಾ, ನಿನ್ನ ಮುಖ ನೋಡಿದ್ರೆ ಬಾಕ್ಸಿಗೆ ಆರುನೂರೈವತ್ತು ಕೊಟ್ಟೇ ಕೊಡ್ತಾರೆ."

ಹದಿನೈದು ಕೆ.ಜಿ. ಬಾಕ್ಸಿಗೆ ಇಪ್ಪತ್ತರಂತೆ ಮುನ್ನೂರು ಎಂದು ಕೋದಂಡರಾಮಪ್ಪನ ಹೊಟ್ಟೆಯೊಳಗೆ ಯಾರೋ ಮಗ್ಗಿ ಹೇಳುತ್ತಿದ್ದರು. ಕೋಲಾರ ಮುಟ್ಟುವವರೆಗೂ ಅವನು ನೆನೆಯದ ದೇವರಿಲ್ಲ. ಟೆಂಪೊ ಪಂಕ್ಚರಾಗಲಿ ಎಂದು ಬೇಡಿಕೊಂಡ. ಟೆಂಪೊ ಮದುವಣಗಿತ್ತಿಯ ಕಾರಿನಂತೆ ನುಣ್ಣಗೆ ಹೋಗಿ ಮಂಡಿಯೊಳಗೆ ನಿಂತಿತು.

ಹರಾಜು ಕೂಗುವವನು ಒಂದು ಹಣ್ಣು ಎತ್ತಿ ತಿರುಗಿಸಿ ನೋಡಿ ಬಾಯಿ ತೆರೆದ. ಕೋದಂಡರಾಮಪ್ಪ ಕಣ್ಣು ಮುಚ್ಚಿದ.

"ಏಳ್ನೂರು... ಏಳ್ನೂರೈವತ್ತು... ಎಂಟ್ನೂರು... ಒಂಬೈನೂರು! ಒಂಬೈನೂರು ಒಂದ್ಸಲ..."

ಕೋದಂಡರಾಮಪ್ಪ ಒಂದು ಕಣ್ಣು ತೆರೆದ. ಮುನಿಶಾಮಿ ಎರಡೂ ಕೈಯಲ್ಲಿ ಅವನನ್ನು ಅಪ್ಪಿಕೊಂಡು ನೆಲದಿಂದ ಒಂದಡಿ ಎತ್ತಿದ್ದ. ಅಲ್ಲಿಂದ ನೋಡಿದಾಗ ಹಿಂದಿನ ಗೇಟಿನ ಅಜ್ಜಿ ಕಂಡಳು. ಮಂಡಿಯವರು ಆರಿಸಿ ಬಿಸಾಕಿದ ಮಚ್ಚೆ ಹಣ್ಣನ್ನು ಹೆಕ್ಕಿ ಅವಳು ಗುಡ್ಡೆ ಕಟ್ಟುತ್ತಿದ್ದಳು. ಇಷ್ಟು ದಿನ ತಾನು ತಿಂದದ್ದು ಅದು! ಒಳ್ಳೆ ಹಣ್ಣಿನ ರೇಟು ಅಂದು ಅರವತ್ತು ಮುಟ್ಟಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ಗೊತ್ತಿಲ್ಲದಿದ್ದರೇನು, ತಲೆ ಉಳಿಯಿತಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ಎದೆ ಟೆಂಪೊದ ಬಾಗಿಲಿನಿಂದಾಚೆಗೆ ಉಬ್ಬಿಕೊಂಡಿತ್ತು. "ಕೂಗೋವಾಗ ನಾನೊಂಚೂರು ಕೆಮ್ಮಿದೆ, ಗಮನಿಸಿದೆಯಾ?"

ವಕ್ಕಲೇರಿಯಲ್ಲಿ ಇಳಿದಾಗ ಅವನ ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ಹಾರ ತಂದಿರಬೇಕೆಂದು ಕೋದಂಡರಾಮಪ್ಪ ಕತ್ತು ಸ್ವಲ್ಪ ಮುಂದೆ ಚಾಚಿದ.

"ಒಂಬೈನೂರಂತೆ?" ದೊಡ್ಡಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ಬಂದಳು. "ಮುನಿಶಾಮಿ ಫೋನ್ ಮಾಡಿ ಹೇಳ್ದ. ನಿನ್ನ ನಲವತ್ತೈದು ನಂಬಿ ನಾನು ಮಧ್ಯಾಹ್ನ ತೋಟಕ್ಕೇ ಬಂದು ಕೊಳ್ಳೋ ವ್ಯಾನಿನವನಿಗೆ ಹತ್ತು ಬಾಕ್ಸು ಆರುನೂರೈವತ್ತಕ್ಕೆ ಕೊಟ್ಟೆ. ತುಟಿಪಿಟಕ್ಕನ್ನದೆ ಎಣಿಸಿಕೊಟ್ಟು, ನಗ್ತಾ ಹೋದ! ಆ ನಗು ಯಾಕೆ ಅಂತ ಈಗ ಗೊತ್ತಾಯ್ತು. ಅವನ ಹತ್ರ ಎಷ್ಟು ಕಮಿಷನ್ ತಗೊಂಡೆ?"

"ಕಮಿಷನ್ನಾ? ನಾನಾ?"

"ಅರವತ್ತು ಇರೋದನ್ನ ನಲವತ್ತೈದು ಅಂದಿದ್ದು ಯಾಕೆ ಮತ್ತೆ?" ಎಂದ ಆಂಜಿನಪ್ಪ. "ಮೇಲೆ ನಾಳೆ ಇಪ್ಪತ್ತು ಅಂತ ಹೆದರಿಸಿದ್ದು ಬೇರೆ! ಡೀಸೆಲ್ಲೂ ಅಲ್ಲ, ಹಡಗೂ ಅಲ್ಲ ಕಣ್ರೋ. ಬೆಳೆಯೋರಿಗೆ ಕಮ್ಮಿ ಹೇಳಿ, ಕೊಳ್ಳೋರಿಗೆ ಜಾಸ್ತಿ ಹೇಳೋ ಇಂಥ ದಳ್ಳಾಳಿಗಳಿಂದಲೇ ಬೆಲೆ ಏರೋದು!"

ಬೆಳಗಿನಿಂದ ಬಗೆಹರಿಯದಿದ್ದ ವಾದ ಒಂದೇ ಏಟಿಗೆ ಬಗೆಹರಿಯಿತು. ಎಲ್ಲರೂ ತಲೆದೂಗಿದರು. ದೊಡ್ಡಗಂಗಮ್ಮ ಕೈ ಚಾಚಿದಳು. "ಎರಡೂವರೆ ಸಾವಿರ ಲಾಸು. ತೆಗಿ."

ಭಾರತಮ್ಮ ಮೆಟ್ಟಿಲಿಳಿದು ಗಂಡನ ಮುಂದೆ ಅಡ್ಡ ನಿಂತಳು. "ಏಯ್ ಗಂಗಮ್ಮ, ನಮ್ಮೆಜಮಾನ್ರು ಬೊಗಳೆ ಬಿಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಮೋಸ ಮಾಡೋರಲ್ಲ. ನಲವತ್ತೈದು ಕೊಟ್ಟು ತಂದ್ರು, ನಲವತ್ತೈದು ಅಂದ್ರು. ನನ್ನ ಕೈಯಿಂದಲೇ ದುಡ್ಡು ಹೋಗಿದೆ. ಹೇಳ್ರೀ, ಯಾವ ಅಂಗಡೀಲಿ ತಂದ್ರಿ ಅಂತ. ನಾಳೆ ಎಲ್ಲರೂ ಹೋಗಿ ಕೇಳೋಣ."

ಕೋದಂಡರಾಮಪ್ಪ ಹೆಂಡತಿಯ ಮುಖ ನೋಡಿದ. ಜೀವನದಲ್ಲಿ ಮೊದಲ ಸಲ ಅವಳು ಊರ ಮುಂದೆ ಅವನ ಪರ ಮಾತಾಡಿದ್ದಳು.

"ಅಂಗಡಿ ಅಲ್ಲ ಕಣೇ," ಎಂದ. ದನಿ ಬಾವಿಯೊಳಗಿನಿಂದ ಬಂದಂತಿತ್ತು. "ಹಿಂದಿನ ಗೇಟಿನ ಹತ್ರ ಒಂದು ಅಜ್ಜಿ. ಮಚ್ಚೆ ಬಿದ್ದ ಹಣ್ಣು. ಇಪ್ಪತ್ತು ರೂಪಾಯಿ. ನಾನು ಮಂಡಿ ಒಳಗೆ ಕಾಲಿಟ್ಟಿದ್ದೇ ಇವತ್ತು ಮಧ್ಯಾಹ್ನ. ನಲವತ್ತೈದು ಅನ್ನೋದು ಬಸ್ಸಲ್ಲಿ ನಾನೇ ಕಟ್ಟಿದ್ದು. ನಾನು ಇಳಿಸಿ ಹೇಳಲಿಲ್ಲ ಗಂಗಮ್ಮ, ದೇವರಾಣೆಗೂ ಏರಿಸಿಯೇ ಹೇಳಿದ್ದು."

ದೊಡ್ಡಗಂಗಮ್ಮನ ಚಾಚಿದ ಕೈ ಹಾಗೇ ಇತ್ತು. ಭಾರತಮ್ಮ ನಿಧಾನವಾಗಿ ಅವನತ್ತ ತಿರುಗಿದಳು.

"ಉಳಿದ ದುಡ್ಡು?"

"ಕೇಸರಿಬಾತು."

"ಎಷ್ಟು ದಿನದಿಂದ?"

ಕೋದಂಡರಾಮಪ್ಪ ಹುಟ್ಟಿದಾಗಿನಿಂದ ಯಾವ ಸಂಖ್ಯೆಯನ್ನೂ ಇದ್ದಹಾಗೆ ಹೇಳಿದವನಲ್ಲ. ಈ ಸಲ ಏರಿಸಲೂ ಇಲ್ಲ, ಇಳಿಸಲೂ ಇಲ್ಲ.

"ಯುಗಾದಿಯಿಂದ ಕಣೇ. ದಿನಾ ಎರಡು ಪ್ಲೇಟು. ತುಪ್ಪ ಜಾಸ್ತಿ ಹಾಕಿಸ್ಕೊಂಡು."