ಇಂಗ್ಲೆಂಡಿನ ಬಾಕಿಗೆ ಒಂದು ಪೈ ತಟ್ಟೆ

ಇಡೀ ಇಂಗ್ಲೆಂಡ್ ದೇಶದ ಮೇಲೆ ಜಪ್ತಿ ತಂದ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ದಿನಕ್ಕೆರಡು ಸಲ ಕಾಫಿಯನ್ನೂ ಬೆರೆಸಿಕೊಟ್ಟಿದ್ದೇನೆ. ಜಪ್ತಿಯಾದ ಆಸ್ತಿ ಒಂದು ಪೈ ತಟ್ಟೆ. ಜಪ್ತಿ ನಡೆದ ಸ್ಥಳ ಅಮೆರಿಕದ ಮಿಲ್ಪಿಟಾಸಿನ ನಮ್ಮ ಅಡುಗೆಮನೆ.

ಅವರು ನಮ್ಮ ಯಜಮಾನರ ದೊಡ್ಡಪ್ಪ. ಮೈಸೂರಿನ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತರಾದವರು. ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಗೆ ನಮ್ಮಲ್ಲಿಗೆ ಬಂದರು. ಪೆಟ್ಟಿಗೆ ಬಿಚ್ಚಿದರೆ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಒಂದು ಕರಿ ಕೋಟು, ಮತ್ತು ಪಂಚೆಯಲ್ಲಿ ಕೂಸಿನ ಹಾಗೆ ಸುತ್ತಿಟ್ಟ ಒಂದು ಎನಾಮಲ್ ಮಗ್ಗು. ಬಿಳಿ ಮೈ, ನೀಲಿ ಅಂಚು, ಹಿಡಿಯ ಬುಡದಲ್ಲಿ ಚಕ್ಕೆ ಎದ್ದು ಕಪ್ಪಾಗಿತ್ತು. ಅವರಿಗೆಂದೇ ನಾನು ಹಳದಿ ಹೂವಿನ ಹೊಸ ಕಪ್ಪೊಂದನ್ನು ತಂದಿಟ್ಟಿದ್ದೆ. ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆಯಮ್ಮ, ನೀನೇ ಇಟ್ಕೋ. ನನಗೆ ಇದೇ ಆಗುತ್ತೆ" ಎಂದು ಮಗ್ಗನ್ನು ಮುಂದೆ ಚಾಚಿದರು. ಕುಡಿದಾದ ಮೇಲೆ ತಾವೇ ತೊಳೆದು ತಾವೇ ಒರೆಸಿದರು. ನಾನು ಕೈ ಹಾಕಿದರೆ, "ಬೇಡ, ಅದು ನಮ್ಮದಲ್ಲ" ಎಂದರು. ವಯಸ್ಸಾದವರ ಮಾತು ಎಂದು ಸುಮ್ಮನಾದೆ.

ನಮ್ಮ ಪಕ್ಕದ ಮನೆಯಲ್ಲಿ ಡೋರೀನ್ ಎಂಬ ಇಂಗ್ಲಿಷ್ ಹೆಂಗಸಿದ್ದರು. ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು, ಈಗ ಗಂಡ ಇಲ್ಲ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ನಾನು ಡೋರೀನ್ ಆಂಟಿ ಎನ್ನುತ್ತಿದ್ದೆ. ನಮಗಿದ್ದ ಒಂದೇ ಕಾರನ್ನು ಯಜಮಾನರು ಬೆಳಗ್ಗೆಯೇ ಕಂಪ್ಯೂಟರಿನ ಚಿಪ್ಪು ಮಾಡುವ ಫ್ಯಾಕ್ಟರಿಗೆ ತೆಗೆದುಕೊಂಡು ಹೋದರೆ ಸಂಜೆಯವರೆಗೆ ನನಗೆ ಮಾತಿಗೂ ಗ್ರೋಸರಿಗೂ ಈ ಆಂಟಿಯೇ ಗತಿ. ಪ್ರತಿ ಮಂಗಳವಾರ ತಮ್ಮ ಉದ್ದನೆಯ ಹಸಿರು ಕಾರಿನಲ್ಲಿ ನನಗೆ ಡ್ರೈವಿಂಗು ಕಲಿಸುತ್ತಿದ್ದರು. ಮನೆ ಮುಂದೆ ಬಂದು ಎರಡು ಸಲ ಹಾರನ್ನು ಒತ್ತುವರು. ನಾನು ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಓಡುವೆ. ಆ ದೇಶದಲ್ಲಿ ನನಗೆ ಸ್ನೇಹಿತೆ ಎಂದು ಇದ್ದವರು ಅವರೊಬ್ಬರೇ.

ಅವರು ಒಂದು ದಿನ ದೊಡ್ಡಪ್ಪನವರಿಗೆಂದು ಮೊಟ್ಟೆ ಹಾಕದೆ ಆಪಲ್ ಪೈ ಮಾಡಿ ತಂದರು. ತಟ್ಟೆಯ ಅಂಚಿನ ಸುತ್ತ ಪುಟ್ಟ ನೀಲಿ ಹೂಗಳು. ದೊಡ್ಡಪ್ಪ ಎರಡು ತುಂಡು ತಿಂದರು, ಮೂರನೆಯದನ್ನು ಕೇಳಿ ಹಾಕಿಸಿಕೊಂಡರು.

"ಭೇಷಾಗಿದೆ. ಈಕೆ ಯಾವ ಕಡೆಯವರು?"

"ಇಂಗ್ಲೆಂಡಿನವರು, ದೊಡ್ಡಪ್ಪ."

ಮೂರನೆಯ ತುಂಡನ್ನು ನಿಧಾನವಾಗಿ ತಿಂದು ಮುಗಿಸಿ, ತಟ್ಟೆ ತೊಳೆದು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"ಜಪ್ತಿ" ಎಂದರು.

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಒಂದು ಪೆನ್ಸಿಲು ಎರವಲು ಪಡೆದರೂ ಎರಡು ಸಲ ಥ್ಯಾಂಕ್ಯೂ ಹೇಳಿಸುತ್ತಿದ್ದರು. ಮನೆಯಲ್ಲಿ ಅಮ್ಮ, ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂದು ಕಲಿಸಿದ್ದಳು. ಆ ತಟ್ಟೆಗೆಂದೇ ನಾನು ಕೋಡುಬಳೆಗೆ ಹಿಟ್ಟು ಕಲಸುತ್ತಿದ್ದೆ!

"ಯುದ್ಧದಲ್ಲಿ ಇಂಗ್ಲೆಂಡಿನವರು ನಮ್ಮ ಬಟ್ಟೆ, ನಮ್ಮ ಧಾನ್ಯ, ನಮ್ಮ ಜನ, ಎಲ್ಲಾ ತಗೊಂಡ್ರು. ಲಂಡನ್ನಲ್ಲಿ ನಿಮ್ಮ ಲೆಕ್ಕಕ್ಕೆ ಬರೆದಿಟ್ಟಿದೀವಿ, ಯುದ್ಧ ಮುಗೀಲಿ ಕೊಡ್ತೀವಿ ಅಂದ್ರು. ಮುಗಿದ ಮೇಲೆ, ಸ್ವಲ್ಪ ಬಿಟ್ಟುಬಿಡಿ ಅಂದ್ರು. ಆಮೇಲೆ ಪೌಂಡಿನ ಬೆಲೆಯನ್ನೇ ಇಳಿಸಿದ್ರು. ನಾನು ಚಕ್ರಬಡ್ಡಿ ಕಲಿಸಿದ ಮೇಷ್ಟರು ಕಣಮ್ಮ, ನನಗೆ ಗೊತ್ತಾಗಲ್ವೆ?"

"ಅದಕ್ಕೆ ಡೋರೀನ್ ಆಂಟಿ ಏನು ಮಾಡ್ತಾರೆ ದೊಡ್ಡಪ್ಪ?"

"ಪಾಪ, ಆಕೆ ಏನೂ ಮಾಡೋದು ಬೇಡ. ತಟ್ಟೆ ನಮ್ಮ ಹತ್ರ ಇರುತ್ತೆ, ಅಷ್ಟೆ."

ಸಂಜೆ ಯಜಮಾನರಿಗೆ ಹೇಳಿದೆ. ಅವರು ಟೈ ಸಡಿಲಿಸುತ್ತ, "ಎರಡು ದೇಶಗಳ ವಿಷಯ. ನಾನು ಮಧ್ಯೆ ಬರಲ್ಲ" ಎಂದರು. ಇಂಥ ಗಂಡನನ್ನು ವಿಶ್ವಸಂಸ್ಥೆಗೆ ಕಳಿಸಬೇಕಿತ್ತು, ಚಿಪ್ಪಿನ ಫ್ಯಾಕ್ಟರಿಗೆ ಕಳಿಸಿದ್ದೇವೆ.

ಅಷ್ಟರಲ್ಲಿ ದೊಡ್ಡಪ್ಪನವರಿಗೆ ಒಂದು ಮಿತ್ರರಾಷ್ಟ್ರ ಸಿಕ್ಕಿತು. ಎದುರುಮನೆಯ ಅಮೆರಿಕನ್ ಮುದುಕ, ಹಿಂದೆ ನೌಕಾದಳದಲ್ಲಿದ್ದವರು. ಇಂಗ್ಲೆಂಡು ತಮಗೂ ಸಾಲ ತೀರಿಸುವುದು ಇನ್ನೂ ಬಾಕಿ ಇದೆ ಎಂಬುದು ಅವರ ದೂರು. ಇಬ್ಬರೂ ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಇಂಗ್ಲೆಂಡನ್ನು ಹರಾಜಿಗೆ ಇಡುತ್ತಿದ್ದರು. ಅರಮನೆ ಯಾರಿಗೆ, ಹಡಗು ಯಾರಿಗೆ ಎಂಬುದೂ ತೀರ್ಮಾನವಾಗಿತ್ತಂತೆ. ಈ ಸ್ನೇಹ ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮುದುಕ ಮಾತಿನ ಭರದಲ್ಲಿ, "ನೀವೇನು ಕಮ್ಮಿಯೇ? ನಿಮ್ಮ ದೇಶಕ್ಕೆ ಹಡಗು ಹಡಗು ಗೋಧಿ ಕಳಿಸಿದೆವು. ಅದರ ದುಡ್ಡೆಲ್ಲಿ?" ಎಂದುಬಿಟ್ಟರು.

ದೊಡ್ಡಪ್ಪ ಎದ್ದು ನಿಂತರು. "ಗೋಧಿ ಅಂದೇ ತಿಂದು ಮುಗೀತು ಸಾರ್. ಗೋಧಿ ಜೊತೆ ಬಂದ ನಿಮ್ಮ ಕಳೆ ಇನ್ನೂ ನಮ್ಮ ಹಿತ್ತಲಲ್ಲಿದೆ. ಕಾಂಗ್ರೆಸ್ ಗಿಡ ಅಂತೀವಿ. ಮುಟ್ಟಿದರೆ ಮೈಯೆಲ್ಲಾ ತುರಿಕೆ. ಮೊದಲು ಬಂದು ಅದನ್ನ ಕಿತ್ಕೊಂಡು ಹೋಗಿ, ಆಮೇಲೆ ದುಡ್ಡಿನ ಮಾತು."

ಕುರ್ಚಿಗಳು ಮಡಚಿಕೊಂಡವು. ಬಾಗಿಲು ಕೆಳಗಿಳಿಯಿತು. ನಾನು ಕಿಟಕಿಯ ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಒಂದೇ ತಿಂಗಳಲ್ಲಿ ಎರಡು ದೇಶಗಳ ಜೊತೆಗಿನ ಸಂಬಂಧ ಹಾಳಾದದ್ದು ನಮ್ಮ ಮನೆಯಿಂದಲೇ.

ಇತ್ತ ಡೋರೀನ್ ಆಂಟಿ ಬೇಲಿಯ ಬಳಿ ನಿಂತು ಮೆಲ್ಲಗೆ, "ನನ್ನ ತಟ್ಟೆ ಆಯಿತಾ ಮಗು? ಚರ್ಚಿನ ಊಟಕ್ಕೆ ಬೇಕಿತ್ತು" ಎಂದರು. ನಾನು ಏನೋ ತೊದಲಿದೆ. ಅವರು ಕಾರ್ಡಿಗನ್ನಿನ ಮೇಲಿನ ಗುಂಡಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮುಂದಿನ ಮಂಗಳವಾರ ಹಾರನ್ನು ಕೇಳಿಸಲಿಲ್ಲ. ನಾನು ಶೂ ಹಾಕಿಕೊಂಡು ಮಧ್ಯಾಹ್ನದವರೆಗೆ ಸೋಫಾದ ತುದಿಯಲ್ಲಿ ಕುಳಿತಿದ್ದೆ.

ಆ ಶೂಗಳನ್ನು ದೊಡ್ಡಪ್ಪ ನೋಡಿದರು. "ಆಕೆಯನ್ನ ಕಾಫಿಗೆ ಕರಿ. ನಾನೇ ಹೇಳ್ತೀನಿ" ಎಂದರು. ಹೇಳುವುದೆಂದರೆ ಏನು ಹೇಳುತ್ತಾರೋ!

ಆಂಟಿ ಬಂದು ಕೂತ ಮೇಲೆ ದೊಡ್ಡಪ್ಪ ಎಲ್ಲವನ್ನೂ ಹೇಳಿದರು. ಲಂಡನ್ನಿನ ಲೆಕ್ಕ, ಪೌಂಡು, ಚಕ್ರಬಡ್ಡಿ. ಆಂಟಿ ಕೈಕಟ್ಟಿ ಕೇಳಿದರು. ಆಮೇಲೆ, "ನಾನು ಊರು ಬಿಡುವಾಗ ಯುದ್ಧ ಗೆದ್ದಾಗಿತ್ತು, ಸಕ್ಕರೆಗೆ ಮಾತ್ರ ಇನ್ನೂ ಕೂಪನ್ನು. ಅಮೆರಿಕದ ಸಾಲ ಇದೆ ಅಂತ ಅಪ್ಪ ಹೇಳುತ್ತಿದ್ದ. ನಿಮಗೂ ಕೊಡಬೇಕು ಅಂತ ನಮ್ಮ ಬೀದಿಯಲ್ಲಿ ಯಾರೂ ಹೇಳಿರಲಿಲ್ಲ" ಎಂದರು. ಎಂದು, ದೊಡ್ಡಪ್ಪನವರ ಕೈಯಲ್ಲಿದ್ದುದನ್ನು ನೋಡಿದರು. "ಈ ಮಗ್ಗು ನಮ್ಮ ಕಡೆಯದಲ್ಲವೆ? ನಿಮಗೆಲ್ಲಿ ಸಿಕ್ಕಿತು?"

ಲೆಕ್ಕದ ಮೇಷ್ಟರು ಮಗ್ಗನ್ನು ಮೇಜಿನ ಮೇಲಿಟ್ಟು, ಹಿಡಿಯ ಬುಡದ ಚಕ್ಕೆಯನ್ನು ಬೆರಳಿಂದ ಸವರಿದರು.

ದೊಡ್ಡಪ್ಪನವರ ತಂದೆ ರಂಗೂನಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಂತೆ. ಯುದ್ಧ ಬಂದು ಅಲ್ಲಿ ಬಾಂಬು ಬಿದ್ದ ವಾರವೇ ತೀರಿಕೊಂಡರು. ತಾಯಿ, ಮಗ ಗುಡ್ಡ ಹತ್ತಿ ಅಸ್ಸಾಮಿನ ಕಡೆ ನಡೆದರು. "ಬಿಳಿಯರಿಗೇ ಒಂದು ದಾರಿ, ನಮಗೇ ಒಂದು ದಾರಿ ಮಾಡಿದ್ರು. ಅದನ್ನ ನಾನು ಮರೆತಿಲ್ಲ" ಎಂದರು ದೊಡ್ಡಪ್ಪ. "ನಮ್ಮಮ್ಮ ಮಡಿ. ಕಂಡವರ ಪಾತ್ರೇಲಿ ಕುಡೀತಿರ್ಲಿಲ್ಲ. ನಾಲಿಗೆ ಊದ್ಕೊಂಡಿತ್ತು. ಟೀ ತೋಟದ ಹತ್ರ ಒಬ್ಬಳು ಇಂಗ್ಲಿಷ್ ಹೆಂಗಸು ಬಕೀಟು ಇಟ್ಕೊಂಡು ನಿಂತಿದ್ಲು. ಏನೂ ಕೇಳಲಿಲ್ಲ. ಅಮ್ಮನ ತಲೆ ತನ್ನ ತೋಳ ಮೇಲೆ ಇಟ್ಕೊಂಡು ಕುಡಿಸಿದ್ಲು. ಅಮ್ಮ ಕುಡಿದಳು. ಅಷ್ಟರಲ್ಲಿ ಜನ ನೂಕಿ ರೈಲಿಗೆ ಹತ್ತಿಸಿಬಿಟ್ರು. ನೋಡಿದ್ರೆ ಮಗ್ಗು ನನ್ನ ಕೈಲೇ ಇದೆ."

ದೊಡ್ಡಪ್ಪ ಮಗ್ಗನ್ನು ಒಮ್ಮೆ ತಿರುಗಿಸಿ ನೋಡಿದರು.

"ಅಮ್ಮ ಆಮೇಲೆ ಎಷ್ಟೋ ವರ್ಷ ಬದುಕಿದ್ಲು. ಕೊನೇವರೆಗೂ ಒಂದೇ ಮಾತು. ಅವಳ ಲೋಟ ಕೊಟ್ಟುಬಿಡೋ, ಖಾಲಿ ಕೊಡಬೇಡ ಅಂತ. ಯಾರಿಗೆ ಕೊಡ್ಲಿ? ಹೆಸರೂ ಕೇಳಿರ್ಲಿಲ್ಲ."

ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಗಸಗಸೆ ಹುರಿಯುವ ಘಮ. ದೊಡ್ಡಪ್ಪ ಸ್ನಾನ ಮಾಡಿ, ಆ ಬಿಸಿಲಲ್ಲೂ ಕರಿ ಕೋಟು ತೊಟ್ಟು, ತಾವೇ ಪಾಯಸ ಕಾಸುತ್ತಿದ್ದರು. ಮಗ್ಗಿನ ಅಂಚಿನವರೆಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಒಂದು ತೊಟ್ಟೂ ಚೆಲ್ಲದ ಹಾಗೆ ಪಕ್ಕದ ಮನೆಗೆ ನಡೆದರು. ಬಿಡುಗಡೆಯಾದ ತಟ್ಟೆಯಲ್ಲಿ ಕೋಡುಬಳೆ ಹೊತ್ತು ನಾನು ಹಿಂದೆ. ಆಂಟಿ ಬಾಗಿಲು ತೆಗೆದು, ಮಗ್ಗು ನೋಡಿ, ಅವರ ಮುಖ ನೋಡಿ, ಅಲ್ಲೇ ಹೊಸ್ತಿಲಲ್ಲಿ ನಿಂತು ಪೂರ್ತಿ ಕುಡಿದರು.

"ಪೌಂಡಿನ ವಿಷಯ ಬೇರೆ. ಅದನ್ನ ನಾನು ಬಿಟ್ಟಿಲ್ಲ" ಎಂದರು ದೊಡ್ಡಪ್ಪ.

"ಬಿಡಬೇಡಿ" ಎಂದರು ಆಂಟಿ.

ಮಂಗಳವಾರ ಎರಡು ಸಲ ಹಾರನ್ನು ಕೇಳಿಸಿತು. ನಾನು ಓಡುವ ಮೊದಲು ದೊಡ್ಡಪ್ಪನವರಿಗೆ ಕಾಫಿ ಬೆರೆಸಿದೆ. ಅವರು ಅಭ್ಯಾಸದಂತೆ ಕಟ್ಟೆಯ ಮೇಲೆ ಕೈಯಾಡಿಸಿದರು. ಮಗ್ಗು ಇರುತ್ತಿದ್ದ ಜಾಗದಲ್ಲಿ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು:

"ಆ ಹಳದಿ ಹೂವಿನ ಕಪ್ಪು ಎಲ್ಲಿಟ್ಟಿದೀಯಮ್ಮ?"